ರಸ್ಟ್‌ಡಾಕ್ ಮತ್ತು ಡಾಕ್ಯುಮೆಂಟೇಶನ್: ಪದೇ ಪದೇ ಕೇಳುವ ಪ್ರಶ್ನೆಗಳು

ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೆಲಸ ಮಾಡುವ ನಮ್ಮ ತಂಡಕ್ಕೆ ಹೊಸಬರು ಸೇರಿದಾಗಲೆಲ್ಲ ಎರಡನೆಯ ವಾರದ ಹೊತ್ತಿಗೆ, ಡಾಕ್ಯುಮೆಂಟೇಶನ್ ಪುಟ ಕಟ್ಟುವ ರಸ್ಟ್‌ಡಾಕ್ ಉಪಕರಣದ ಬಗ್ಗೆ ಇವೇ ಪ್ರಶ್ನೆಗಳು ಬರುತ್ತವೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಡಾಕ್ಯುಮೆಂಟೇಶನ್‌ಗೆ ‘ದಾಖಲೆ’ ಎನ್ನಬಹುದಿತ್ತು. ಆದರೆ ದಾಖಲೆ ಎಂದೊಡನೆ ನಮ್ಮ ಜನರಿಗೆ ಪಹಣಿ, ಖಾತೆ, ನೋಂದಣಿ ಕಚೇರಿಯ ಸಾಲು ನೆನಪಾಗುತ್ತದೆ. ಹಾಗಾಗಿ ಎಲ್ಲರೂ ಆಡುವ ಮಾತನ್ನೇ ಉಳಿಸಿಕೊಂಡಿದ್ದೇನೆ. ಜಾವಾ, ಗೋ, ಪೈಥಾನ್ ಮಾತು ಬರುವುದು ಹೋಲಿಕೆಗೆ ಬೇಕಾದಾಗ ಮಾತ್ರ.

ಕೋಡ್‌ನಲ್ಲೇ ಕಮೆಂಟ್ ಬರೆದಿದ್ದೇವಲ್ಲ, ಮತ್ತೆ ಇದೊಂದು ಉಪಕರಣ ಯಾಕೆ?

ಸಾಮಾನ್ಯ ಕಮೆಂಟ್ ಇರುವುದು ಕೋಡ್ ತೆರೆದು ತಿದ್ದುವವರಿಗೆ. ಡಾಕ್ಯುಮೆಂಟೇಶನ್ ಇರುವುದು ಆ ಕೋಡ್ ಅನ್ನು ಎಂದೂ ತೆರೆಯದೆ ಬಳಸುವವರಿಗೆ. ನಿಮ್ಮ ಲೈಬ್ರರಿ ಬಳಸುವವರಿಗೆ ಒಳಗಡೆ ಯಾವ ಲೂಪ್ ಸುತ್ತುತ್ತಿದೆ ಎಂಬುದು ಬೇಕಿಲ್ಲ. ಏನು ಕೊಡಬೇಕು, ಏನು ಸಿಗುತ್ತದೆ, ಯಾವಾಗ ಕೈಕೊಡುತ್ತದೆ, ಇಷ್ಟು ತಿಳಿದರೆ ಸಾಕು. ರಸ್ಟ್‌ಡಾಕ್ ಕೋಡ್ ಓದಿ, ಹೊರಗಿನವರಿಗೆ ಕಾಣುವ ಫಂಕ್ಷನ್, ಟೈಪ್, ಟ್ರೇಟ್‌ಗಳನ್ನು (ಟೈಪ್‌ಗಳು ಪಾಲಿಸಬೇಕಾದ ನಡವಳಿಕೆಯ ಕರಾರು) ಹೆಕ್ಕಿ, ಅವುಗಳ ಮೇಲೆ ನೀವು ಬರೆದ ವಿವರಣೆಯನ್ನು ಸೇರಿಸಿ, ಬ್ರೌಸರಿನಲ್ಲಿ ಓದುವಂಥ ಪುಟಗಳನ್ನು ಕಟ್ಟಿಕೊಡುತ್ತದೆ. ನೀವು ಒಂದು ಸಾಲು ವಿವರಣೆಯನ್ನೂ ಬರೆಯದಿದ್ದರೂ ಪುಟ ತಯಾರಾಗುತ್ತದೆ, ಫಂಕ್ಷನ್‌ಗಳ ಸಹಿ (ಹೆಸರು, ಪಡೆಯುವ ಮತ್ತು ಮರಳಿಸುವ ಟೈಪ್‌ಗಳು) ಕಾಣುತ್ತದೆ. ಆದರೆ ಅಂಥ ಪುಟ ಅಂಗಡಿಯ ನಾಮಫಲಕದ ಹಾಗೆ: ಹೆಸರಿದೆ, ಒಳಗೆ ಏನು ಸಿಗುತ್ತದೆ ಎಂಬುದಿಲ್ಲ.

ಈ ಯೋಚನೆ ರಸ್ಟ್‌ನವರದೇ?

ಅಲ್ಲ. ಕಂಪ್ಯೂಟರ್ ಕಾರ್ಯಕ್ರಮವನ್ನೂ ಅದರ ವಿವರಣೆಯನ್ನೂ ಒಂದೇ ಕಡತದಲ್ಲಿ ಹೆಣೆಯಬೇಕು ಎಂದು ಗಣಕ ವಿಜ್ಞಾನಿ ಡೊನಾಲ್ಡ್ ಕನೂತ್ 1984ರಲ್ಲೇ ವಾದಿಸಿದ್ದರು. ತೊಂಬತ್ತರ ದಶಕದಲ್ಲಿ ಪರ್ಲ್‌ಗೆ ಪಾಡ್, ಜಾವಾಕ್ಕೆ ಜಾವಾಡಾಕ್, ಸಿ ಪ್ಲಸ್ ಪ್ಲಸ್ ಮಂದಿಗೆ ಡಾಕ್ಸಿಜನ್ ಬಂದವು. ಜಾವಾಡಾಕ್ ಭಾಷೆಯ ಜೊತೆಗೇ ಬಂದದ್ದು ದೊಡ್ಡ ವಿಷಯ. ಉಪಕರಣ ಬೇರೆ ಕಡೆಯಿಂದ ತಂದು ಜೋಡಿಸುವಂತಿದ್ದರೆ ಹತ್ತರಲ್ಲಿ ಒಂಬತ್ತು ಮಂದಿ ಜೋಡಿಸುವುದಿಲ್ಲ. ರಸ್ಟ್ ಆ ಪಾಠ ಕಲಿತಿತ್ತು. 2015ರ ಮೇ ತಿಂಗಳಲ್ಲಿ ರಸ್ಟ್ 1.0 ಹೊರಬಂದಾಗ ರಸ್ಟ್‌ಡಾಕ್ ಕಂಪೈಲರಿನ ಜೊತೆಗೇ ಪೆಟ್ಟಿಗೆಯಲ್ಲಿತ್ತು. ಇಂದಿಗೂ ಪ್ರತ್ಯೇಕವಾಗಿ ಅಳವಡಿಸುವ ಗೋಜಿಲ್ಲ. ರಸ್ಟ್ ಕೋಡ್ ಕಟ್ಟುವ ಉಪಕರಣ ಕಾರ್ಗೋಗೆ ‘ಕಾರ್ಗೋ ಡಾಕ್’ ಎಂದರೆ ಮುಗಿಯಿತು, ನಿಮ್ಮ ಕ್ರೇಟ್ (ರಸ್ಟ್ ಕೋಡಿನ ಒಂದು ಪೊಟ್ಟಣ) ಮಾತ್ರವಲ್ಲ, ನೀವು ಅವಲಂಬಿಸಿದ ಕ್ರೇಟ್‌ಗಳ ಪುಟಗಳೂ ನಿಮ್ಮ ಯಂತ್ರದಲ್ಲೇ ತಯಾರಾಗುತ್ತವೆ. ಮೂಲ ಲೈಬ್ರರಿಯ ಪುಟಗಳು ‘ರಸ್ಟಪ್ ಡಾಕ್’ ಎಂದರೆ ತೆರೆದುಕೊಳ್ಳುತ್ತವೆ. ಸಕಲೇಶಪುರ ದಾಟಿ ಘಾಟಿಗೆ ಇಳಿಯುವ ರೈಲಿನಲ್ಲಿ ನೆಟ್‌ವರ್ಕ್ ಇಲ್ಲದೆ ಕುಳಿತಾಗ ಇದರ ಬೆಲೆ ತಿಳಿಯುತ್ತದೆ.

ಬರೆಯುವುದು ಹೇಗೆ?

ಎರಡು ಓರೆಗೆರೆ ಹಾಕಿದರೆ ಸಾಮಾನ್ಯ ಕಮೆಂಟ್. ಮೂರು ಹಾಕಿದರೆ, ಅಂದರೆ `///`, ಅದು ಕೆಳಗೆ ಬರುವ ವಸ್ತುವಿನ ಡಾಕ್ಯುಮೆಂಟೇಶನ್. `//!` ಎಂದು ಬರೆದರೆ ಅದನ್ನು ಒಳಗೊಂಡಿರುವ ವಸ್ತುವಿನದು. ಕಡತದ ಆರಂಭದಲ್ಲಿ ಇಡೀ ಮಾಡ್ಯೂಲ್ ಅಥವಾ ಕ್ರೇಟ್ ಬಗ್ಗೆ ಹೇಳಲು ಇದನ್ನು ಬಳಸುತ್ತೇವೆ. ಒಳಗೆ ಮಾರ್ಕ್‌ಡೌನ್, ಅಂದರೆ ಸರಳ ಗುರುತುಗಳಿಂದ ಶೀರ್ಷಿಕೆ, ಪಟ್ಟಿ ಮೂಡಿಸುವ ಬರವಣಿಗೆ, ನಡೆಯುತ್ತದೆ.

ಮೊದಲ ಪ್ಯಾರಾ ಚಿಕ್ಕದಾಗಿರಲಿ. ಮಾಡ್ಯೂಲಿನ ಪಟ್ಟಿಯಲ್ಲಿಯೂ ಹುಡುಕಾಟದ ಫಲಿತಾಂಶದಲ್ಲಿಯೂ ತೋರಿಸಲು ರಸ್ಟ್‌ಡಾಕ್ ಅದನ್ನೇ ಎತ್ತಿಕೊಳ್ಳುತ್ತದೆ. ‘ಈ ಫಂಕ್ಷನ್ ಒಂದು ಫಂಕ್ಷನ್ ಆಗಿದ್ದು’ ಎಂದು ಪೀಠಿಕೆ ಹಾಕಿದರೆ ಪಟ್ಟಿಯ ತುಂಬ ಪೀಠಿಕೆಗಳೇ ಕಾಣುತ್ತವೆ. ಅದಾದ ಮೇಲೆ ಉದಾಹರಣೆ, ಯಾವಾಗ ದೋಷ ಮರಳಿಸುತ್ತದೆ, ಯಾವಾಗ ಪ್ಯಾನಿಕ್ ಆಗುತ್ತದೆ (ಕೆಲಸ ನಡುವೆಯೇ ಕುಸಿಯುತ್ತದೆ), ಅನ್‌ಸೇಫ್ ಆಗಿದ್ದರೆ (ಸುರಕ್ಷತೆಯ ಹೊಣೆ ಕಂಪೈಲರಿನದಲ್ಲದಿದ್ದರೆ) ಬಳಸುವವರು ಯಾವ ಷರತ್ತು ಕಾಯಬೇಕು ಎಂಬ ಉಪಶೀರ್ಷಿಕೆಗಳು ಬರುವುದು ವಾಡಿಕೆ. ಕೊನೆಯದನ್ನು ಬರೆಯದೆ ಬಿಟ್ಟರೆ, ಕೋಡಿನ ಲೋಪ ಹುಡುಕುವ ಕ್ಲಿಪ್ಪಿ ಎಂಬ ಉಪಕರಣವೇ ಗೊಣಗುತ್ತದೆ.

ಉದಾಹರಣೆಗಳನ್ನು ನಿಜಕ್ಕೂ ಓಡಿಸಿ ನೋಡುತ್ತದೆಯೇ?

ಹೌದು. ನನ್ನನ್ನು ಕೇಳಿದರೆ ಈ ಇಡೀ ಉಪಕರಣದಲ್ಲಿ ಪ್ರಾಣ ಇರುವುದು ಇಲ್ಲೇ.

ಡಾಕ್ಯುಮೆಂಟೇಶನ್ ಸುಳ್ಳಾಗುವುದು ಯಾರೂ ಸುಳ್ಳು ಬರೆಯುವುದರಿಂದಲ್ಲ. ಬರೆದ ದಿನ ಅದು ನಿಜವೇ ಆಗಿರುತ್ತದೆ. ಆರು ತಿಂಗಳ ಮೇಲೆ ಕೋಡ್ ಬದಲಾಗುತ್ತದೆ, ವಿವರಣೆ ಅಲ್ಲೇ ಉಳಿಯುತ್ತದೆ. ರಸ್ಟ್‌ಡಾಕ್ ನಿಮ್ಮ ವಿವರಣೆಯೊಳಗಿನ ಪ್ರತಿಯೊಂದು ಕೋಡ್ ತುಣುಕನ್ನೂ ರಸ್ಟ್ ಎಂದೇ ಭಾವಿಸಿ, ಅದಕ್ಕೊಂದು ಮುಖ್ಯ ಫಂಕ್ಷನ್ ಸುತ್ತಿ, ‘ಕಾರ್ಗೋ ಟೆಸ್ಟ್’ ಎಂದಾಗ ಕಂಪೈಲ್ ಮಾಡಿ ಓಡಿಸುತ್ತದೆ. ಇದಕ್ಕೆ ಡಾಕ್‌ಟೆಸ್ಟ್ ಎನ್ನುತ್ತಾರೆ. ಹೆಸರೂ ಯೋಚನೆಯೂ ಹೊಸದಲ್ಲ, ಪೈಥಾನ್‌ನಲ್ಲಿ 2001ರಿಂದಲೂ ಡಾಕ್‌ಟೆಸ್ಟ್ ಮಾಡ್ಯೂಲ್ ಇದೆ. ಆದರೆ ಅಲ್ಲಿ ಬೇಕೆಂದವರು ಓಡಿಸುತ್ತಾರೆ, ಇಲ್ಲಿ ಬೇಡವೆಂದವರು ಹೇಳಿ ನಿಲ್ಲಿಸಬೇಕು. ಈ ವ್ಯತ್ಯಾಸ ಚಿಕ್ಕದಲ್ಲ.

ನಮ್ಮಲ್ಲೇ ನಡೆದದ್ದು. ಕನ್ನಡ ಪಠ್ಯವನ್ನು ಸಂಸ್ಕರಿಸುವ ಒಂದು ಪುಟ್ಟ ಲೈಬ್ರರಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಉದ್ದ ಹೇಳುವ ಫಂಕ್ಷನ್ ಬರೆದು, ಮೇಲೆ ಹೀಗೆ ಸೇರಿಸಿದ್ದಳು:

/// ಕೊಟ್ಟ ಪದದಲ್ಲಿ ಎಷ್ಟು ಅಕ್ಷರಗಳಿವೆ ಎಂದು ಹೇಳುತ್ತದೆ.

ಕೆಳಗೆ ಉದಾಹರಣೆ: ‘ಕನ್ನಡ’ ಎಂಬ ಪದ ಕೊಟ್ಟರೆ ಉತ್ತರ 3. ಯಾರಿಗೂ ಅನುಮಾನ ಬರಲಿಲ್ಲ, ಕ, ನ್ನ, ಡ, ಮೂರಕ್ಷರವೇ ತಾನೆ? ಕೋಡ್ ಪರಿಶೀಲಿಸಿದ ನಾನೂ ತಲೆಯಾಡಿಸಿದ್ದೆ. ಡಾಕ್‌ಟೆಸ್ಟ್ ಮಾತ್ರ ಒಪ್ಪಲಿಲ್ಲ: ಎಡಗಡೆ 15, ಬಲಗಡೆ 3, ಸಮವಿಲ್ಲ. ರಸ್ಟ್‌ನ ‘ಲೆನ್’ ಎಣಿಸುವುದು ಬೈಟ್‌ಗಳನ್ನು, ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಸರಿ, ಬೈಟ್ ಬಿಟ್ಟು ‘ಚಾರ್ಸ್’ ಬಳಸಿ ಎಣಿಸಿದಳು. ಈಗ ಎಡಗಡೆ 5. ಯಾಕೆಂದರೆ ಯೂನಿಕೋಡ್ ಕಣ್ಣಿಗೆ ಆ ಪದ ಕ, ನ, ಹಲಂತ ಚಿಹ್ನೆ, ಮತ್ತೊಂದು ನ, ಡ. ಕೊನೆಗೆ ಅವಳು ಫಂಕ್ಷನ್ ಅನ್ನು ಮತ್ತೆ ಬದಲಿಸಲಿಲ್ಲ, ವಿವರಣೆಯನ್ನು ಬದಲಿಸಿದಳು: ‘ಯೂನಿಕೋಡ್ ಸಂಕೇತಗಳ ಸಂಖ್ಯೆ. ಓದುಗರು ಎಣಿಸುವ ಅಕ್ಷರಗಳ ಸಂಖ್ಯೆಗೂ ಇದಕ್ಕೂ ತಾಳೆಯಾಗಬೇಕಿಲ್ಲ.’ ಉದಾಹರಣೆಯಲ್ಲಿ 5 ಎಂದು ಹಾಕಿದಳು. ಲೈಬ್ರರಿ ಬಳಸುವ ಕನ್ನಡಿಗನಿಗೆ ಆ ಎರಡು ವಾಕ್ಯಗಳಿಗಿಂತ ಹೆಚ್ಚಿನ ಉಪಕಾರ ಬೇರೆ ಯಾವುದೂ ಇರಲಾರದು, ಮತ್ತು ಅವು ಹುಟ್ಟಿದ್ದು ಉಪಕರಣ ಜಗಳ ತೆಗೆದದ್ದರಿಂದ.

ಉದಾಹರಣೆ ಓಡಿಸಬಾರದು ಎಂದಿದ್ದರೆ?

ತುಣುಕಿನ ತಲೆಯಲ್ಲಿ ಒಂದು ಪದ ಬರೆದರೆ ಆಯಿತು. ‘ನೋ ರನ್’ ಎಂದರೆ ಕಂಪೈಲ್ ಮಾತ್ರ ಆಗುತ್ತದೆ, ಓಡುವುದಿಲ್ಲ, ನೆಟ್‌ವರ್ಕ್‌ಗೆ ಕೈಚಾಚುವ ಉದಾಹರಣೆಗೆ ಇದು ಸರಿ. ‘ಶುಡ್ ಪ್ಯಾನಿಕ್’ ಎಂದರೆ ಪ್ಯಾನಿಕ್ ಆದರಷ್ಟೇ ಪಾಸ್. ‘ಕಂಪೈಲ್ ಫೇಲ್’ ಎಂದರೆ ಕಂಪೈಲರ್ ಇದನ್ನು ತಿರಸ್ಕರಿಸಲೇಬೇಕು. ಯಾವುದು ನಡೆಯುವುದಿಲ್ಲ ಎಂದು ತೋರಿಸಲು ಇದಕ್ಕಿಂತ ಪ್ರಾಮಾಣಿಕ ದಾರಿ ಇಲ್ಲ. ‘ಇಗ್ನೋರ್’ ಕೂಡ ಇದೆ, ಕಂಪೈಲೂ ಇಲ್ಲ, ಓಟವೂ ಇಲ್ಲ. ಸೋಮಾರಿಗಳ ಪದ ಅದು. ಪರಿಶೀಲನೆಗೆ ಬಂದ ಕೋಡ್‌ನಲ್ಲಿ ಕಂಡಾಗಲೆಲ್ಲ ‘ನೋ ರನ್ ಯಾಕಲ್ಲ?’ ಎಂದು ಕೇಳುತ್ತೇನೆ, ಹೆಚ್ಚಿನ ಸಲ ಉತ್ತರ ಇರುವುದಿಲ್ಲ.

ಉದಾಹರಣೆಗೆ ಬೇಕಾದ ಪೂರ್ವಸಿದ್ಧತೆ ಓದುಗರಿಗೆ ಕಾಣಬಾರದು ಎನಿಸಿದರೆ ಆ ಸಾಲಿನ ಮೊದಲು `#` ಹಾಕಿ ಒಂದು ಖಾಲಿ ಜಾಗ ಬಿಡಿ. ಸಾಲು ಓಡುತ್ತದೆ, ಪುಟದಲ್ಲಿ ಕಾಣುವುದಿಲ್ಲ.

ನನ್ನ ಡಾಕ್‌ಟೆಸ್ಟ್ ಓಡುತ್ತಲೇ ಇಲ್ಲವಲ್ಲ?

ನಿಮ್ಮದು ಬೈನರಿ ಕ್ರೇಟ್, ಅಂದರೆ ನೇರವಾಗಿ ಓಡುವ ಕಾರ್ಯಕ್ರಮ ಆಗಿರಬೇಕು. ಡಾಕ್‌ಟೆಸ್ಟ್ ಓಡುವುದು ಲೈಬ್ರರಿ ಕ್ರೇಟ್‌ಗಳಲ್ಲಿ ಮಾತ್ರ, ಯಾಕೆಂದರೆ ಪ್ರತಿ ತುಣುಕೂ ಹೊರಗಿನ ಬಳಕೆದಾರನಂತೆ ನಿಮ್ಮ ಕ್ರೇಟ್ ಅನ್ನು ಆಮದು ಮಾಡಿಕೊಳ್ಳುತ್ತದೆ. ಖಾಸಗಿ ಫಂಕ್ಷನ್ ಅನ್ನು ಅದು ಕರೆಯಲಾರದ್ದೂ ಇದೇ ಕಾರಣಕ್ಕೆ. ಮುಖ್ಯ ಭಾಗವನ್ನು ಲೈಬ್ರರಿಗೆ ಸರಿಸಿ, ಬೈನರಿಯನ್ನು ತೆಳ್ಳಗೆ ಇಡಿ.

ಡಾಕ್‌ಟೆಸ್ಟ್‌ಗಳು ತೀರಾ ನಿಧಾನ. ಇದಕ್ಕೆ ಪರಿಹಾರ ಇದೆಯೇ?

ದೂರು ನ್ಯಾಯವಾದದ್ದು. ವರ್ಷಗಟ್ಟಲೆ ಪ್ರತಿಯೊಂದು ಉದಾಹರಣೆಯೂ ಪ್ರತ್ಯೇಕ ಕಾರ್ಯಕ್ರಮವಾಗಿ ಕಂಪೈಲ್ ಆಗುತ್ತಿತ್ತು, ಲಿಂಕ್ ಆಗುತ್ತಿತ್ತು (ತುಂಡುಗಳನ್ನು ಜೋಡಿಸಿ ಓಡುವ ಕಡತ ಮಾಡುವುದು). ಮುನ್ನೂರು ಉದಾಹರಣೆ ಇದ್ದರೆ ಮುನ್ನೂರು ಸಲ ಲಿಂಕಿಂಗ್. ಉದಾಹರಣೆ ಓಡುವ ಸಮಯ ಅದರ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ಮದುವೆ ಮನೆಯಲ್ಲಿ ಒಬ್ಬೊಬ್ಬ ಅತಿಥಿಗೂ ಬೇರೆ ಬೇರೆ ಒಲೆ ಹೊತ್ತಿಸಿದ ಹಾಗೆ. ಪರಿಣಾಮ ಏನಾಯಿತೆಂದರೆ, ಹೆಚ್ಚು ಉದಾಹರಣೆ ಬರೆದ ಒಳ್ಳೆಯವರಿಗೇ ಹೆಚ್ಚು ಶಿಕ್ಷೆ.

2025ರ ಫೆಬ್ರುವರಿಯಲ್ಲಿ ರಸ್ಟ್ 1.85ರ ಜೊತೆ ಬಂದ 2024 ಎಡಿಶನ್‌ನಲ್ಲಿ (ಎಡಿಶನ್ ಎಂದರೆ ಪ್ರತಿ ಕ್ರೇಟ್ ತಾನೇ ಆರಿಸಿಕೊಳ್ಳುವ ಭಾಷಾ ನಿಯಮಗಳ ಕಂತು) ಇದು ಬದಲಾಯಿತು. ಸಾಧ್ಯವಾದಷ್ಟು ಉದಾಹರಣೆಗಳನ್ನು ಒಟ್ಟುಗೂಡಿಸಿ ಒಂದೇ ಬೈನರಿಯಾಗಿ ಕಟ್ಟುತ್ತದೆ. ‘ಕಂಪೈಲ್ ಫೇಲ್’ ಎಂದು ಗುರುತಿಸಿದವು ಸಹಜವಾಗಿಯೇ ಹೊರಗೆ ಉಳಿಯುತ್ತವೆ. ತಾನು ಒಂಟಿಯಾಗಿಯೇ ಇರಬೇಕು ಎನ್ನುವ ಉದಾಹರಣೆಗೆ ‘ಸ್ಟ್ಯಾಂಡಲೋನ್ ಕ್ರೇಟ್’ ಎಂಬ ಗುರುತು ಕೊಡಬೇಕು. ಹಳೆಯ ಎಡಿಶನ್‌ನಲ್ಲಿರುವವರಿಗೆ ಈ ಲಾಭ ಇಲ್ಲ. ಎಡಿಶನ್ ಬದಲಿಸಲು ಮನಸ್ಸು ಮಾಡದವರಿಗೆ ನಾನು ಮೊದಲು ತೋರಿಸುವ ಕಾರಣ ಇದೇ.

ಕೊಂಡಿಗಳು ಪದೇ ಪದೇ ಮುರಿಯುತ್ತವೆ. ಏನು ಮಾಡುವುದು?

ಎಚ್‌ಟಿಎಂಎಲ್ ಕಡತದ ಹೆಸರನ್ನು ಕೈಯಾರೆ ಬರೆಯುವುದನ್ನು ಬಿಡಿ. ಮೊದಲು ಎಲ್ಲರೂ ಹಾಗೆಯೇ ಬರೆಯುತ್ತಿದ್ದರು, ಬೇರೆ ದಾರಿಯೂ ಇರಲಿಲ್ಲ. ಒಂದು ಟೈಪ್ ಮಾಡ್ಯೂಲ್ ಬದಲಿಸಿದರೆ ಕೊಂಡಿ ಹೋಯಿತು. ಇನ್ನೂ ಕೆಟ್ಟದ್ದೆಂದರೆ, ಒಂದೇ ವಸ್ತು ಎರಡು ಕಡೆ ಮರುರಫ್ತಾಗಿದ್ದರೆ, ಅಂದರೆ ಬೇರೆ ಕಡೆಯ ಹೆಸರಿನಿಂದಲೂ ಸಿಗುವಂತಿದ್ದರೆ, ಒಂದು ಪುಟದಲ್ಲಿ ಸರಿಯಿದ್ದ ಕೊಂಡಿ ಇನ್ನೊಂದರಲ್ಲಿ ತಪ್ಪುತ್ತಿತ್ತು. ‘ಕೋರ್’ ಕ್ರೇಟ್‌ನಿಂದ ‘ಎಸ್‌ಟಿಡಿ’ ಕ್ರೇಟ್‌ಗೆ ಹರಿದು ಬರುವ ಮೂಲ ಲೈಬ್ರರಿಯಲ್ಲೇ ಈ ಫಜೀತಿ ಇತ್ತು.

2020ರ ನವೆಂಬರಿನಲ್ಲಿ, ರಸ್ಟ್ 1.48ರಲ್ಲಿ, ವಸ್ತುವಿನ ಹೆಸರನ್ನು ಚೌಕಾವರಣದಲ್ಲಿ ಹಾಕಿದರೆ ಸಾಕು ಎಂಬ ವ್ಯವಸ್ಥೆ ಸ್ಥಿರವಾಯಿತು. ಹೆಸರು ಎಲ್ಲಿದೆ ಎಂದು ಕೋಡ್‌ನಲ್ಲಿ ಹುಡುಕುವ ಕಂಪೈಲರಿನ ಯಂತ್ರವೇ ಇಲ್ಲೂ ಹುಡುಕುತ್ತದೆ. ಸಿಗದಿದ್ದರೆ ಎಚ್ಚರಿಕೆ ಕೊಡುತ್ತದೆ. ಒಂದೇ ಹೆಸರಿನ ಮಾಡ್ಯೂಲೂ ಮ್ಯಾಕ್ರೋವೂ ಇದ್ದು ಗೊಂದಲವಾದರೆ, ಮ್ಯಾಕ್ರೋಗೆ ಆಶ್ಚರ್ಯಸೂಚಕ, ಫಂಕ್ಷನ್‌ಗೆ ಆವರಣ ಸೇರಿಸಿ ಬಿಡಿಸಿ ಹೇಳಬಹುದು. ಪ್ರತಿ ಬದಲಾವಣೆಯನ್ನೂ ತಾನಾಗಿ ಪರೀಕ್ಷಿಸುವ ನಿಮ್ಮ ಸಿಐ ವ್ಯವಸ್ಥೆಯಲ್ಲಿ ರಸ್ಟ್‌ಡಾಕ್ ಎಚ್ಚರಿಕೆಗಳನ್ನೆಲ್ಲ ದೋಷವೆಂದೇ ಎಣಿಸುವಂತೆ ಮಾಡಿಡಿ. ಎಚ್ಚರಿಕೆಯನ್ನು ಓದುವವರು ಯಾರೂ ಇಲ್ಲ, ಕೆಂಪು ಗುರುತಾದರೆ ಎಲ್ಲರೂ ಓದುತ್ತಾರೆ.

ರೀಡ್‌ಮಿ ಕಡತದಲ್ಲಿ ಬರೆದದ್ದನ್ನೇ ಮತ್ತೆ ಕ್ರೇಟ್ ತಲೆಯಲ್ಲಿ ಬರೆಯಬೇಕೇ?

ಬೇಡ. 1.54ರಿಂದ ಆ ಕಡತವನ್ನೇ ಡಾಕ್ಯುಮೆಂಟೇಶನ್ ಆಗಿ ಒಳಗೆಳೆದುಕೊಳ್ಳಬಹುದು. ರೀಡ್‌ಮಿಯಲ್ಲಿರುವ ಉದಾಹರಣೆಗಳೂ ಆಗ ಡಾಕ್‌ಟೆಸ್ಟ್ ಆಗುತ್ತವೆ.

ಹುಡುಕಾಟದಲ್ಲಿ ಬೇಕಾದದ್ದು ಸಿಗುವುದಿಲ್ಲ.

ನೀವು ಹೆಸರು ಊಹಿಸಿ ಹುಡುಕುತ್ತಿದ್ದೀರಿ. ಹೆಸರು ಗೊತ್ತಿಲ್ಲದಿದ್ದರೆ ಆಕಾರದಿಂದ ಹುಡುಕಿ: ಯಾವ ಟೈಪ್ ಕೊಡುತ್ತೀರಿ, ಬಾಣದ ಗುರುತು `->`, ಯಾವ ಟೈಪ್ ಬೇಕು. ಅದನ್ನು ಪಡೆದು ಇದನ್ನು ಮರಳಿಸುವ ಫಂಕ್ಷನ್‌ಗಳ ಪಟ್ಟಿ ಬರುತ್ತದೆ. ಹ್ಯಾಸ್ಕೆಲ್ ಲೋಕದವರು ಹೂಗಲ್ ಎಂಬ ಹುಡುಕುಯಂತ್ರದಲ್ಲಿ ಇದನ್ನು ಮೊದಲಿನಿಂದಲೂ ಅನುಭವಿಸುತ್ತಿದ್ದರು. ರಸ್ಟ್‌ಡಾಕ್‌ನಲ್ಲಿ ಇದೆಯೆಂದು ತಿಳಿಯದವರೇ ಹೆಚ್ಚು. ಈ ಹುಡುಕಾಟ ಸರ್ವರಿನಲ್ಲಿ ನಡೆಯುವುದಿಲ್ಲ, ಸೂಚಿಯನ್ನು ಬ್ರೌಸರಿಗೇ ತಂದು ಅಲ್ಲೇ ಹುಡುಕುತ್ತದೆ. ಅದರಿಂದಲೇ ಆಫ್‌ಲೈನ್ ಬಳಕೆ ಸಾಧ್ಯ. ಕೀಲಿಮಣೆಯಲ್ಲಿ ಓರೆಗೆರೆ ಒತ್ತಿದರೆ ಹುಡುಕುವ ಪೆಟ್ಟಿಗೆಗೆ ಹೋಗುತ್ತದೆ, ಪ್ರಶ್ನಾರ್ಥಕ ಒತ್ತಿದರೆ ಸಹಾಯ ಬರುತ್ತದೆ.

ಲೇಖಕರಾಗಿ ನಿಮ್ಮ ಪಾಲಿನ ಕೆಲಸವೂ ಇದೆ. 1.48ರಲ್ಲೇ ಡಾಕ್ ಏಲಿಯಸ್ ಸ್ಥಿರವಾಯಿತು. ಅಂದರೆ ವಸ್ತುವಿಗೆ ಅಡ್ಡಹೆಸರು. ಸಿ ಭಾಷೆಯಿಂದ ಬಂದವರು ಹಳೆಯ ಹೆಸರಿನಿಂದಲೇ ಹುಡುಕುತ್ತಾರೆ, ಅದನ್ನು ಅಡ್ಡಹೆಸರಾಗಿ ಕೊಟ್ಟರೆ ದಾರಿ ತಪ್ಪುವುದಿಲ್ಲ. ನಮ್ಮ ಲೈಬ್ರರಿಯಲ್ಲಿ ಕಾಗುಣಿತ ಬಿಡಿಸುವ ಫಂಕ್ಷನ್‌ಗೆ ಕನ್ನಡದಲ್ಲೇ ‘ಕಾಗುಣಿತ’ ಎಂದು ಅಡ್ಡಹೆಸರು ಕೊಟ್ಟಿದ್ದೇವೆ.

ಹಾಗಾದರೆ ಕನ್ನಡದಲ್ಲಿ ಬರೆಯಬಹುದೇ?

ವಿವರಣೆಯನ್ನು ಧಾರಾಳವಾಗಿ ಬರೆಯಬಹುದು, ಕಡತ ಯುಟಿಎಫ್-8ರಲ್ಲಿರುತ್ತದೆ, ಯಾವ ತಕರಾರೂ ಇಲ್ಲ. 2021ರ ಜೂನ್‌ನಲ್ಲಿ ಬಂದ 1.53ರಿಂದ ಫಂಕ್ಷನ್ ಹೆಸರುಗಳನ್ನೂ ಕನ್ನಡದಲ್ಲಿ ಇಡಬಹುದು. ಆದರೆ ಇಲ್ಲಿ ಕಾಲಿಗೆ ತೊಡರುವ ಕಲ್ಲುಗಳಿವೆ.

ಒಂದು: ‘ರಸ್ಟ್‌ಡಾಕ್’ ಎಂಬ ಈ ಪದವನ್ನೇ ನೋಡಿ. ‘ಟ್’ ಮತ್ತು ‘ಡಾ’ ಒತ್ತಾಗಿ ಅಂಟಿಕೊಳ್ಳದಿರಲಿ ಎಂದು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿದೆ. ಅದಿಲ್ಲದಿದ್ದರೆ ‘ರಸ್ಟ್ಡಾಕ್’ ಆಗುತ್ತದೆ. ರಸ್ಟ್ ಹೆಸರುಗಳಲ್ಲಿ ಆ ಅಗೋಚರ ಸಂಕೇತಕ್ಕೆ ಅವಕಾಶ ಇಲ್ಲ. ಕಾರಣ ಒಪ್ಪುವಂಥದ್ದೇ: ಕಣ್ಣಿಗೆ ಕಾಣದ ವ್ಯತ್ಯಾಸದಿಂದ ಎರಡು ಬೇರೆ ಹೆಸರು ಹುಟ್ಟಬಾರದು. ಆದರೂ ಎರವಲು ಪದಗಳನ್ನು ಕನ್ನಡದಲ್ಲಿ ಬರೆಯುವವರಿಗೆ ಅರ್ಧ ನಿಘಂಟೇ ಹೋದಂತೆ.

ಎರಡು: ಉಪಶೀರ್ಷಿಕೆಗೆ ನೇರ ಕೊಂಡಿ ಸಿಗಲೆಂದು ರಸ್ಟ್‌ಡಾಕ್ ಶೀರ್ಷಿಕೆಯಿಂದಲೇ ಒಂದು ಗುರುತು ತಯಾರಿಸುತ್ತದೆ. ಅಕ್ಷರ, ಅಂಕಿ, ಅಡ್ಡಗೆರೆಗಳನ್ನು ಉಳಿಸಿಕೊಂಡು, ಖಾಲಿ ಜಾಗವನ್ನು ಅಡ್ಡಗೆರೆ ಮಾಡಿ, ಉಳಿದದ್ದನ್ನು ಎಸೆಯುತ್ತದೆ. ಯೂನಿಕೋಡ್ ವರ್ಗೀಕರಣದಲ್ಲಿ ನಮ್ಮ ಸ್ವರಚಿಹ್ನೆಗಳು ಅಕ್ಷರದ ಲೆಕ್ಕಕ್ಕೆ ಬರುತ್ತವೆ, ಹಲಂತ ಮಾತ್ರ ಬರುವುದಿಲ್ಲ. ಹೀಗಾಗಿ ‘ಎಚ್ಚರಿಕೆ’ ಎಂಬ ಶೀರ್ಷಿಕೆಯ ಗುರುತು ‘ಎಚಚರಿಕೆ’ ಆಗುತ್ತದೆ. ಕೊಂಡಿ ಕೆಲಸ ಮಾಡುತ್ತದೆ, ಓದಿದರೆ ಮಾತ್ರ ಒಂದನೆಯ ತರಗತಿಯ ಮಗು ಒತ್ತು ಬಿಟ್ಟು ಬರೆದಂತಿರುತ್ತದೆ.

ಮೂರು: ಪುಟದ ಭಾಷೆ ಇಂಗ್ಲಿಷ್ ಎಂದೇ ರಸ್ಟ್‌ಡಾಕ್‌ನ ಮಾದರಿಯಲ್ಲಿ ಬರೆದಿದೆ. ಕಣ್ಣಿನಿಂದ ಓದುವವರಿಗೆ ಇದು ತಿಳಿಯುವುದಿಲ್ಲ. ಪರದೆ ಓದುವ ತಂತ್ರಾಂಶ ಬಳಸುವವರಿಗೆ ತಿಳಿಯುತ್ತದೆ, ಏಕೆಂದರೆ ಯಾವ ಧ್ವನಿಯಲ್ಲಿ ಓದಬೇಕು ಎಂದು ತಂತ್ರಾಂಶ ತೀರ್ಮಾನಿಸುವುದು ಆ ಗುರುತನ್ನು ನೋಡಿ. ಫಾಂಟ್ ವಿಷಯವೂ ಹೀಗೆಯೇ. ರಸ್ಟ್‌ಡಾಕ್ ತನ್ನ ಜೊತೆ ಕೆಲವು ಫಾಂಟ್ ಹೊತ್ತು ತರುತ್ತದೆ, ಲ್ಯಾಟಿನ್ ಲಿಪಿಯದಲ್ಲದೆ ಕೊರಿಯನ್ ಲಿಪಿಗೂ ಒಂದಿದೆ. ಕನ್ನಡಕ್ಕೆ ಇಲ್ಲ, ನಿಮ್ಮ ಯಂತ್ರದಲ್ಲಿ ಇರುವುದು ಕಾಣುತ್ತದೆ.

ನನ್ನ ಸಲಹೆ: ಹೆಸರುಗಳು ಇಂಗ್ಲಿಷಿನಲ್ಲಿರಲಿ. ವಿವರಣೆ ಯಾರು ಓದುತ್ತಾರೋ ಅವರ ಭಾಷೆಯಲ್ಲಿರಲಿ. ಜಗತ್ತಿಗೆಲ್ಲ ಹಂಚುವ ಕ್ರೇಟ್‌ಗೆ ಇಂಗ್ಲಿಷ್ ಬೇಕೇ ಬೇಕು, ಕಚೇರಿಯೊಳಗಿನ ಅಥವಾ ಮಕ್ಕಳಿಗೆ ಕಲಿಸಲು ಬರೆದ ಕ್ರೇಟ್‌ಗೆ ಕನ್ನಡ ಯಾಕೆ ಬೇಡ?

ನನ್ನ ಯಂತ್ರದಲ್ಲಿ ಸರಿ ಬರುವ ಪುಟ ಡಾಕ್ಸ್ ಡಾಟ್ ಆರ್‌ಎಸ್‌ನಲ್ಲಿ ಬರುವುದಿಲ್ಲ.

ರಸ್ಟ್ ಕ್ರೇಟ್‌ಗಳನ್ನು ಹಂಚುವ ಕ್ರೇಟ್ಸ್ ಡಾಟ್ ಐಒಗೆ ಪ್ರಕಟಿಸಿದ ಪ್ರತಿ ಲೈಬ್ರರಿಯ ಪುಟಗಳನ್ನೂ ಡಾಕ್ಸ್ ಡಾಟ್ ಆರ್‌ಎಸ್ ತಾಣ ತಾನಾಗಿಯೇ ಕಟ್ಟುತ್ತದೆ. ಯಾರೂ ಅರ್ಜಿ ಹಾಕಬೇಕಿಲ್ಲ. ಯಾರ ಕೋಡ್ ಎಂದು ಗೊತ್ತಿಲ್ಲದೆ ಕಟ್ಟಬೇಕಾದ್ದರಿಂದ ಬಿಗಿ ಕಾವಲಿನಲ್ಲಿ ಕಟ್ಟುತ್ತದೆ: ಕಟ್ಟುವಾಗ ನೆಟ್‌ವರ್ಕ್ ಇರುವುದಿಲ್ಲ, ಸಮಯಕ್ಕೂ ಮೆಮೊರಿಗೂ ಮಿತಿ ಇದೆ. ನಿಮ್ಮ ಬಿಲ್ಡ್ ಸ್ಕ್ರಿಪ್ಟ್ ಎಲ್ಲಿಂದಲೋ ಕಡತ ಇಳಿಸಿಕೊಳ್ಳುತ್ತಿದ್ದರೆ ಅಲ್ಲೇ ನಿಲ್ಲುತ್ತದೆ. ‘ಡಾಕ್ಸ್ ಆರ್‌ಎಸ್’ ಎಂಬ ಪರಿಸರ ಚರ ಇದೆಯೇ ಎಂದು ಸ್ಕ್ರಿಪ್ಟ್‌ನಲ್ಲಿ ನೋಡಿ, ಇದ್ದರೆ ಆ ಹೆಜ್ಜೆಯನ್ನು ಬಿಟ್ಟುಬಿಡಿ. ಹೆಚ್ಚಿನ ಸಲ ಇದರಿಂದ ಪುಟಕ್ಕೆ ಏನೂ ಕೊರತೆಯಾಗುವುದಿಲ್ಲ, ಏಕೆಂದರೆ ರಸ್ಟ್‌ಡಾಕ್ ಫಂಕ್ಷನ್‌ಗಳ ಒಡಲನ್ನು ಟೈಪ್ ಪರೀಕ್ಷೆಗೆ ಒಳಪಡಿಸುವುದೇ ಇಲ್ಲ, ಸಹಿಗಳಷ್ಟೇ ಅದಕ್ಕೆ ಬೇಕು.

ಇನ್ನೊಂದು ಸಾಮಾನ್ಯ ದೂರು, ಕೆಲವು ಟೈಪ್‌ಗಳು ಕಾಣೆಯಾಗುವುದು. ಐಚ್ಛಿಕ ಫೀಚರ್‌ಗಳ ಹಿಂದೆ ಅವು ಅಡಗಿರುತ್ತವೆ. ಕಾರ್ಗೋ ಕಡತದಲ್ಲಿ ಆ ತಾಣಕ್ಕೆಂದೇ ಇರುವ ವಿಭಾಗದಲ್ಲಿ ಎಲ್ಲ ಫೀಚರ್ ಸೇರಿಸು ಎಂದು ಬರೆಯಿರಿ.

ಬೇರೆ ಭಾಷೆಗಳವರು ಈಗ ಏನು ಮಾಡುತ್ತಿದ್ದಾರೆ?

ಎಲ್ಲರೂ ಒಬ್ಬರ ಹೊಲದ ಬೀಜ ಇನ್ನೊಬ್ಬರು ಒಯ್ಯುತ್ತಿದ್ದಾರೆ. ಜಾವಾದಲ್ಲಿ ಹುಡುಕುವ ಪೆಟ್ಟಿಗೆ ಬಂದದ್ದೇ 2017ರ ಜಾವಾ 9ರಲ್ಲಿ. ಅಲ್ಲಿಯವರೆಗೆ ಜನ ಚೌಕಟ್ಟುಗಳಲ್ಲಿ ಹೆಸರು ಹುಡುಕುತ್ತ ಇಳಿಯುತ್ತಿದ್ದರು. 2022ರ ಜಾವಾ 18ರಲ್ಲಿ ‘ಸ್ನಿಪೆಟ್’ ಬಂತು, ಉದಾಹರಣೆಯನ್ನು ನಿಜವಾದ ಕಡತದಿಂದಲೇ ತಂದು ತೋರಿಸಬಹುದು. 2024ರ ಜಾವಾ 23ರಲ್ಲಿ ಮಾರ್ಕ್‌ಡೌನ್ ಬಂತು, ಗುರುತು ಯಾವುದು ಗೊತ್ತೇ? `///`. ಎಚ್‌ಟಿಎಂಎಲ್ ಟ್ಯಾಗ್‌ಗಳನ್ನು ಕಮೆಂಟಿನೊಳಗೆ ಟೈಪ್ ಮಾಡುತ್ತ ಮುಪ್ಪಾದ ನನ್ನ ಹಳೆಯ ಸಹೋದ್ಯೋಗಿಗಳು ಅಂದು ಸಿಹಿ ಹಂಚಬೇಕಿತ್ತು.

ಗೋ ಭಾಷೆ ಬೇರೆ ದಾರಿ ಹಿಡಿದಿದೆ. ಅಲ್ಲಿ ಉದಾಹರಣೆ ಕಮೆಂಟಿನಲ್ಲಿರುವುದಿಲ್ಲ, ‘ಎಕ್ಸಾಂಪಲ್’ ಎಂದು ಶುರುವಾಗುವ ಹೆಸರಿನ ನಿಜವಾದ ಟೆಸ್ಟ್ ಫಂಕ್ಷನ್ ಆಗಿರುತ್ತದೆ. ಕೊನೆಯಲ್ಲಿ ನಿರೀಕ್ಷಿತ ಔಟ್‌ಪುಟ್ ಬರೆದಿದ್ದರೆ ಅದರ ಜೊತೆ ತಾಳೆ ನೋಡುತ್ತದೆ. ಸಂಪಾದಕ ತಂತ್ರಾಂಶಕ್ಕೆ ಅದು ಸಾಮಾನ್ಯ ಕೋಡ್, ಆದ್ದರಿಂದ ಹೆಸರು ಬದಲಿಸಿದರೆ ಉದಾಹರಣೆಯಲ್ಲೂ ಬದಲಾಗುತ್ತದೆ. ಈ ಒಂದು ವಿಷಯದಲ್ಲಿ ಗೋ ಮಂದಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಎರ್ಲಾಂಗ್‌ನವರಂತೂ 2024ರ ಒಟಿಪಿ 27 ಆವೃತ್ತಿಯಲ್ಲಿ ನೆರೆಮನೆಯ ಎಲಿಕ್ಸಿರ್ ಭಾಷೆಯ ಡಾಕ್ಯುಮೆಂಟೇಶನ್ ಉಪಕರಣ ಎಕ್ಸ್‌ಡಾಕ್ ಅನ್ನೇ ತಮ್ಮದಾಗಿ ಮಾಡಿಕೊಂಡರು. ಸ್ವಂತದ್ದೇ ಬೇಕೆಂಬ ಹಠ ಬಿಡುವುದಕ್ಕೂ ದೊಡ್ಡ ಮನಸ್ಸು ಬೇಕು.

ಡಾಕ್ಯುಮೆಂಟೇಶನ್ ಅನ್ನು ಬೇರೆ ಉಪಕರಣಗಳು ಓದುವಂಥ ಜೇಸನ್ ರೂಪದಲ್ಲಿ ಪಡೆಯಬಹುದೇ?

ಪ್ರತಿ ರಾತ್ರಿ ಹೊರಬರುವ ಪ್ರಾಯೋಗಿಕ ನೈಟ್ಲಿ ಕಂಪೈಲರಿನಲ್ಲಿ ಪಡೆಯಬಹುದು, ಇನ್ನೂ ಸ್ಥಿರವಾಗಿಲ್ಲ. ಹೊಸ ಆವೃತ್ತಿಯಿಂದ ಹಳೆಯ ಬಳಕೆದಾರರ ಕೋಡ್ ಮುರಿಯುತ್ತದೆಯೇ ಎಂದು ಹೇಳುವ ‘ಕಾರ್ಗೋ ಸೆಮ್‌ವರ್ ಚೆಕ್ಸ್’ ಉಪಕರಣ ನಿಂತಿರುವುದು ಇದರ ಮೇಲೆ.

ಎಲ್ಲದಕ್ಕೂ ವಿವರಣೆ ಬರೆಯಲೇಬೇಕೇ?

‘ಮಿಸಿಂಗ್ ಡಾಕ್ಸ್’ ಎಂಬ ಲಿಂಟ್ (ಕೋಡನ್ನು ತಾನಾಗಿ ತಪಾಸಣೆ ಮಾಡುವ ನಿಯಮ) ಹಚ್ಚಿದರೆ ಬರೆಯದೆ ಬಿಟ್ಟದ್ದನ್ನೆಲ್ಲ ಎತ್ತಿ ತೋರಿಸುತ್ತದೆ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಇದನ್ನು ಕಡ್ಡಾಯ ಮಾಡಿದರು. ಒಂದು ವಾರದಲ್ಲಿ ನೂರಕ್ಕೆ ನೂರು ತುಂಬಿತು: ‘ಬಣ್ಣ: ಬಣ್ಣ.’ ‘ಅಗಲವನ್ನು ಹೊಂದಿಸುತ್ತದೆ: ಅಗಲವನ್ನು ಹೊಂದಿಸುತ್ತದೆ.’ ಲಿಂಟ್ ಸುಮ್ಮನಾಯಿತು, ಓದುಗ ಇನ್ನಷ್ಟು ಸೋತ. ಮೊದಲು ಇದ್ದ ಖಾಲಿ ಜಾಗ ಪ್ರಾಮಾಣಿಕವಾಗಿತ್ತು. ಅಗಲವನ್ನು ಹೊಂದಿಸುವ ಫಂಕ್ಷನ್‌ಗೆ ಬೇಕಿದ್ದದ್ದು ಪಿಕ್ಸೆಲ್ಲೋ ಮಿಲಿಮೀಟರೋ, ಸೊನ್ನೆ ಕೊಟ್ಟರೆ ಏನಾಗುತ್ತದೆ ಎಂಬ ಒಂದು ಸಾಲು.

ಲಿಂಟ್ ಹಚ್ಚಿ, ಆದರೆ ಶೇಕಡಾವಾರನ್ನು ಯಾರ ವಾರ್ಷಿಕ ಗುರಿಯಲ್ಲಿಯೂ ಸೇರಿಸಬೇಡಿ.

ಎಐ ಬರೆದುಕೊಟ್ಟರೆ ಆಗದೇ?

ಸಹಿಯಿಂದ ತಿಳಿಯುವುದನ್ನು ಅದು ಚೆನ್ನಾಗಿ ಬರೆಯುತ್ತದೆ. ಸಹಿಯಿಂದ ತಿಳಿಯುವುದನ್ನು ಬರೆಯುವ ಅಗತ್ಯವೇ ಇಲ್ಲ. ಈ ಮಿತಿ 64 ಯಾಕೆ, ಈ ಫಂಕ್ಷನ್ ಅನ್ನು ಎರಡು ಸಲ ಯಾಕೆ ಕರೆಯಬಾರದು ಎಂಬುದು ಕೋಡ್‌ನಲ್ಲಿ ಇಲ್ಲ, ಅಂದು ಚರ್ಚೆಯಲ್ಲಿ ಕೂತವರ ತಲೆಯಲ್ಲಿದೆ. ಉದಾಹರಣೆ ಬರೆಯಲು ಬಳಸಿಕೊಳ್ಳಿ, ತಪ್ಪಿದ್ದರೆ ಡಾಕ್‌ಟೆಸ್ಟ್ ಹಿಡಿಯುತ್ತದೆ. ಗದ್ಯವನ್ನು ಹಿಡಿಯುವ ಟೆಸ್ಟ್ ಇಲ್ಲ.

ರಸ್ಟ್‌ಡಾಕ್ ಸುಧಾರಿಸಲು ನಾನೇ ಕೈಹಾಕಬಹುದೇ?

ಹಾಕಿ. ಅದು ರಸ್ಟ್ ಕಂಪೈಲರಿನ ಭಂಡಾರದಲ್ಲೇ ಇದೆ, ‘ಎಸ್‌ಆರ್‌ಸಿ’ಯೊಳಗೆ ‘ಲಿಬ್‌ರಸ್ಟ್‌ಡಾಕ್’ ಎಂಬ ಕೋಶದಲ್ಲಿ. ಇಡೀ ಕಂಪೈಲರ್ ಕಟ್ಟಬೇಕಲ್ಲ ಎಂದು ಹಿಂಜರಿಯುವವರೇ ಹೆಚ್ಚು. ಹಾಗಿಲ್ಲ: ‘ಎಕ್ಸ್ ಸೆಟಪ್’ ಓಡಿಸಿದಾಗ ಉಪಕರಣಗಳಲ್ಲಿ ಕೆಲಸ ಮಾಡುವವರ ಆಯ್ಕೆ ಕೊಟ್ಟರೆ, ಮೊದಲೇ ಕಟ್ಟಿದ ಕಂಪೈಲರ್ ಅನ್ನು ಇಳಿಸಿಕೊಳ್ಳುತ್ತದೆ. ಸಾಧಾರಣ ಲ್ಯಾಪ್‌ಟಾಪ್ ಸಾಕು.

ಒಳಗಿನ ಹರಿವು ಮೂರು ಹಂತದ್ದು. ಕಂಪೈಲರಿನಿಂದ ಬಂದ ವಿವರವನ್ನು ತನಗೆ ಬೇಕಾದ ಸರಳ ರೂಪಕ್ಕೆ ಇಳಿಸುವುದು, ಅದರ ಮೇಲೆ ಖಾಸಗಿ ವಸ್ತುಗಳನ್ನು ಕಳೆಯುವಂಥ ಸುತ್ತುಗಳನ್ನು ಓಡಿಸುವುದು, ಕೊನೆಗೆ ಎಚ್‌ಟಿಎಂಎಲ್ ಆಗಿ ಬರೆಯುವುದು. ಪರೀಕ್ಷೆಗಳೂ ಬಗೆಬಗೆಯವು: ಹುಟ್ಟಿದ ಎಚ್‌ಟಿಎಂಎಲ್‌ನಲ್ಲಿ ಇಂಥ ಜಾಗದಲ್ಲಿ ಇಂಥದ್ದಿದೆಯೇ ಎಂದು ನೋಡುವವು, ದೋಷ ಸಂದೇಶಗಳ ಪದಪದ ತಾಳೆ ನೋಡುವವು, ನಿಜವಾದ ಬ್ರೌಸರ್ ತೆರೆದು ಗುಂಡಿ ಒತ್ತಿ ನೋಡುವವು. ದೋಷಪಟ್ಟಿಯಲ್ಲಿ ರಸ್ಟ್‌ಡಾಕ್ ತಂಡದ ಗುರುತೂ ‘ಸುಲಭ’ ಎಂಬ ಗುರುತೂ ಎರಡೂ ಇರುವುದನ್ನು ಮೊದಲು ಆರಿಸಿ.

ಹಲಂತದ ವಿಷಯ ಹೇಳಿದೆನಲ್ಲ, ಅದನ್ನು ಕೇಳಿದ ಪ್ರತಿಯೊಬ್ಬರೂ ‘ಒಂದು ಸಾಲು ಸೇರಿಸಿದರೆ ಮುಗಿಯಿತು’ ಎನ್ನುತ್ತಾರೆ. ಸೇರಿಸುವುದು ಒಂದೇ ಸಾಲು, ನಿಜ. ಆದರೆ ಹಿಂದಿ, ತೆಲುಗು, ಬಂಗಾಳಿ ಶೀರ್ಷಿಕೆಗಳಿಗೂ ಅದು ತಗಲುತ್ತದೆ, ಹಳೆಯ ಗುರುತಿಗೆ ಈಗಾಗಲೇ ಯಾರಾದರೂ ಕೊಂಡಿ ಕೊಟ್ಟಿದ್ದರೆ ಅದು ಮುರಿಯುತ್ತದೆ. ಹಳೆಯ ಗುರುತನ್ನೂ ಜೊತೆಗೆ ಉಳಿಸಬೇಕೇ, ಎಡಿಶನ್ ಬದಲಾಗುವವರೆಗೆ ಕಾಯಬೇಕೇ ಎಂಬ ಚರ್ಚೆ ಮೊದಲು ಆಗಬೇಕು. ಕೈಹಾಕುವುದಿದ್ದರೆ ಕೋಡ್‌ಗಿಂತ ಮುಂಚೆ ಒಂದು ಪರೀಕ್ಷೆ ಬರೆಯಿರಿ: ಶೀರ್ಷಿಕೆ ‘ಎಚ್ಚರಿಕೆ’, ನಿರೀಕ್ಷೆ ‘ಎಚ್ಚರಿಕೆ’. ಅದು ಫೇಲ್ ಆಗುವುದನ್ನು ತೋರಿಸಿಯೇ ಮಾತು ಶುರು ಮಾಡಿ.